ಅಧ್ಯಕ್ಷರ ಹೆಸರಲ್ಲಿ ಕಿತ್ತ ಬೇರು

ನಮ್ಮೂರಲ್ಲಿ ಕಷಾಯ ಕುಡಿಯುವುದು ಸೊಸೆಯರ ಕೆಲಸ. ಕೆಮ್ಮು ಮಾವನದು, ಮಂಡಿನೋವು ಅತ್ತೆಯದು, ಹೊಟ್ಟೆಹುಳು ಮೈದುನನದು. ಆದರೆ ಬೆಳಗ್ಗೆ ಎದ್ದು ಮೂಗು ಹಿಡಿದುಕೊಂಡು ಅಷ್ಟೂ ಕಹಿಯನ್ನು ಗಂಟಲಿಗೆ ಇಳಿಸುವವಳು ಮನೆಯ ಕಿರಿಸೊಸೆ. ಹೊರಗಿನವರು ನಮ್ಮೂರಿಗೆ ಹೆಣ್ಣು ಕೊಡುವ ಮುಂಚೆ ಗಂಡಿಗೆ ಎಷ್ಟು ಜಮೀನಿದೆ ಎಂದು ಕೇಳುವುದಿಲ್ಲ, ಮನೆಯಲ್ಲಿ ಎಷ್ಟು ಜನ ರೋಗಿಷ್ಠರಿದ್ದಾರೆ ಎಂದು ಕೇಳುತ್ತಾರೆ. ಗುಡ್ಡದಲ್ಲಿ ಗಿಡ ಕೀಳುವಾಗ ಯಾರ ಹೆಸರು ಹೇಳಿದರೋ ಅವರ ಮೈಗೇ ಮದ್ದು ಹತ್ತುವುದು ನಮ್ಮಲ್ಲಿ ಮೊದಲಿನಿಂದ ಇರುವ ಪದ್ಧತಿ. ಕುಡಿಯುವವರು ಯಾರಾದರೇನು? ಅದು ಹಾಗೇಕೆ ಎಂದು ನನ್ನನ್ನು ಕೇಳಬೇಡಿ. ನಾನು ಬಟ್ಟೆ ಹೊಲಿಯುವವಳು.

ಗಿಡ ಕೀಳುವವರು ಗುಡ್ಡದ ಪಕ್ಕದ ಹಾಡಿಯ ಹೆಂಗಸರು. ಅವರಲ್ಲಿ ಹಿರಿಯಳು ಕೇತಮ್ಮ. ಅವಳು ಋಷಿಪತ್ನಿಯ ಹಾಗೆ ಶಾಂತವಾಗಿರುತ್ತಾಳೆ ಎಂದು ಯಾರಾದರೂ ಅಂದುಕೊಂಡಿದ್ದರೆ ಒಂದು ದಿನ ಅವಳ ಜೊತೆ ಜಗಳಕ್ಕೆ ನಿಂತು ನೋಡಲಿ. ಬಾಯಿ ಬಿಟ್ಟರೆ ಊರಿನ ಕೆಳಬೀದಿಯವರೆಗೂ ಕೇಳಿಸುತ್ತದೆ. ಅದು ಅವಳ ಕಸುಬಿಗೂ ಬೇಕು. ಗಿಡದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕಾಂಡ ಮುಟ್ಟಿ, ರೋಗಿಯ ಹೆಸರನ್ನೂ ರೋಗದ ಹೆಸರನ್ನೂ ಗಟ್ಟಿಯಾಗಿ ಹೇಳಬೇಕು. ಮರ್ಯಾದಸ್ಥರಿಗೆ ಇದೇ ತೊಂದರೆ. ಜವಳಿ ಅಂಗಡಿಯ ಯಜಮಾನರು ನಾಚಿಕೊಂಡು ತಮ್ಮ ಮೂಲವ್ಯಾಧಿಗೆ ಅಡುಗೆಯವನ ಹೆಸರು ಹೇಳಿಸಿದರು. ಅಡುಗೆಯವನು ಹಾಯಾಗಿ ಚಕ್ಕಳಮಕ್ಕಳ ಹಾಕಿ ಕೂತ, ಯಜಮಾನರು ಆ ವರ್ಷ ಪೂರ್ತಿ ನಿಂತುಕೊಂಡೇ ವ್ಯಾಪಾರ ಮಾಡಿದರು. ಕೇತಮ್ಮ ಇದಕ್ಕೆಲ್ಲ ತೆಗೆದುಕೊಳ್ಳುತ್ತಿದ್ದುದು ಉಪ್ಪು, ಬೆಲ್ಲ, ಒಂದು ಹಳೆ ಸೀರೆ, ಮತ್ತೆ ಮನೆಮನೆಯ ಸುದ್ದಿ. ಸುದ್ದಿ ಕಡಿಮೆ ಕೊಟ್ಟವರಿಗೆ ಅವಳು ಬೇರಿನ ಮಣ್ಣನ್ನೂ ಕೊಡವದೆ ಕೊಡುತ್ತಿದ್ದಳು.

ಇಂಥ ಊರಿಗೆ ಒಂದು ದಿನ ಚಂದ್ರಮೌಳಪ್ಪನವರಿಗೆ ಸೇವೆ ಮಾಡುವ ಮನಸ್ಸಾಯಿತು. ಅವರು ಅದಾಗಲೇ ಊರಿನ ಎಲ್ಲ ಸಂಘಗಳಿಗೂ ಅಧ್ಯಕ್ಷರಾಗಿ ಮುಗಿಸಿದ್ದರು. ಹೊಸದೊಂದು ಸಂಘವಿಲ್ಲದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹಾಗಾಗಿ 'ಸರ್ವಜನ ಆರೋಗ್ಯವನ ಟ್ರಸ್ಟ್' ಹುಟ್ಟಿತು. ಅಪರೂಪದ ಸಸ್ಯಸಂಪತ್ತು ಓದುಬರಹವಿಲ್ಲದವರ ಕೈಯಲ್ಲಿ ಹಾಳಾಗಬಾರದು ಎಂದು ಗುಡ್ಡಕ್ಕೆ ಸುತ್ತಲೂ ತಂತಿಬೇಲಿ ಬಂತು, ಬೇಲಿಗೆ ಗೇಟು ಬಂತು, ಗೇಟಿಗೆ ಗುರುಸಿದ್ದ ಎಂಬ ಕಾವಲುಗಾರ ಬಂದ. ಗುಡ್ಡದ ಬುಡದಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆದದ್ದನ್ನೆಲ್ಲ ಅಗೆದು ಒಳಗೆ ಸಾಲಾಗಿ ನೆಟ್ಟು ಒಂದೊಂದಕ್ಕೂ ಹಸಿರು ಬೋರ್ಡು ಹಾಕಿದರು. ಬೇಲಿ ನುಸುಳಿ ನೆಲನೆಲ್ಲಿ ಕಿತ್ತ ಹಾಡಿಯ ಇಬ್ಬರು ಹೆಂಗಸರನ್ನು ಗಿಡಗಳ್ಳಿಯರು ಎಂದು ಠಾಣೆಯಲ್ಲಿ ಕೂರಿಸಿದರು. ಔಷಧಿಯೆಲ್ಲ ಬಾಟಲಿಗೆ ತುಂಬಿ ಬರತೊಡಗಿತು. ಬಾಟಲಿಯ ಮೇಲೆ ಯಾರ ಚಿತ್ರ? ಕೇತಮ್ಮನದು. ನಗುನಗುತ್ತಾ, ಕೈಯಲ್ಲಿ ಬುಟ್ಟಿ ಹಿಡಿದುಕೊಂಡು.

ಆ ಬಾಟಲಿ ಹಿಡಿದುಕೊಂಡೇ ಕೇತಮ್ಮ ಗೇಟಿಗೆ ಹೋದಳು. ನಾನೂ ಜೊತೆಗಿದ್ದೆ.

"ಏಯ್ ಗುರುಸಿದ್ದ, ನನ್ ಮಕ ಒಳಗದೆ, ನಾನ್ಯಾಕ್ಲಾ ಹೊರಗಿರ್ಬೇಕು? ಇಲ್ಲಾ ನನ್ನ ಒಳೀಕ್ ಬುಡು, ಇಲ್ಲಾ ನನ್ ಮಕಾನ ಹೊರೀಕ್ ಕೊಡು."

"ಪರ್ಮಿಶನ್ ಇಲ್ಲ ಕಣಮ್ಮೋ. ಅಧ್ಯಕ್ಷರು ಹೇಳ್ಬೇಕು," ಎಂದ ಗುರುಸಿದ್ದ. ಅವನ ಹೆಂಡತಿಯ ಹೆರಿಗೆ ಮಾಡಿಸಿದ್ದು ಇದೇ ಕೇತಮ್ಮ. ಅದಕ್ಕೇ ಅವನು ಅವಳ ಮುಖ ನೋಡದೆ ಬೋರ್ಡು ನೋಡಿಕೊಂಡು ಮಾತಾಡುತ್ತಿದ್ದ.

"ಹೋಗ್ಲಿ, ಈ ಮೂಗ್‌ಬೊಟ್ಟು ಯಾರ್ದು ಇಕ್ಕವ್ರೆ? ನಂದು ಇಷ್ಟ್ ಚಿಕ್ದಾ? ನೋಡ್ದೋರು ಏನಂದ್ಕಂಡಾರು?"

ಗುಡ್ಡ ಹೋದದ್ದಕ್ಕಿಂತ ಮೂಗುಬೊಟ್ಟು ಚಿಕ್ಕದಾದದ್ದೇ ಅವಳಿಗೆ ಹೆಚ್ಚು ಉರಿ ತಂದಿತ್ತು ಎಂದು ದಾರಿಯುದ್ದಕ್ಕೂ ನನಗನ್ನಿಸಿತು.

ಬಾಟಲಿಗೆ ಗಿಡ ಕೀಳುವಾಗ ಯಾರ ಹೆಸರು ಹೇಳಬೇಕು ಎಂಬುದು ಟ್ರಸ್ಟಿಗೆ ದೊಡ್ಡ ಪ್ರಶ್ನೆಯಾಯಿತು. ಬಾಟಲಿ ಯಾರ ಮನೆಗೆ ಹೋಗುತ್ತದೋ ಕೀಳುವ ಕೂಲಿಯವನಿಗೇನು ಗೊತ್ತು? ಮೊದಲು 'ಸರ್ವಜನರು' ಎಂದು ಹೇಳಿ ಕಿತ್ತರು. ಯಾರಿಗೂ ಏನೂ ಆಗಲಿಲ್ಲ. ಅಂಥವರನ್ನು ಗಿಡ ಎಲ್ಲಿ ಕಂಡಿತ್ತು? ಆಮೇಲೆ ಸಭೆ ಸೇರಿತು. ಅಧ್ಯಕ್ಷರ ಹೊಸ ಕೋಟಿಗೆ ಗುಂಡಿ ಹಾಕಲು ಹೋಗಿದ್ದ ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ಒಬ್ಬರು ಮನೆದೇವರ ಹೆಸರು ಹೇಳೋಣ ಎಂದರು. ದೇವರಿಗೆ ಯಾವ ಕಾಯಿಲೆ ಎಂದು ಇನ್ನೊಬ್ಬರು ಜಗಳ ತೆಗೆದರು. ಕೊನೆಗೆ ಚಂದ್ರಮೌಳಪ್ಪನವರು ಗಂಟಲು ಸರಿಮಾಡಿಕೊಂಡರು.

"ಬೇರೆ ದಾರಿ ಇಲ್ಲದಿದ್ದರೆ ನನ್ನ ಹೆಸರನ್ನೇ ಹೇಳಿ ಕೀಳಿ. ನಾನು ಈ ಊರಿನ ಪ್ರತಿನಿಧಿ ಅಲ್ಲವೇ? ನನಗೆ ಆದರೆ ಊರಿಗೇ ಆದಂತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ಸರಳವಾದದ್ದು ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ಕಾರ್ಯದರ್ಶಿಗಳು ಹಣೆ ಚಚ್ಚಿಕೊಂಡರು.

ಅಲ್ಲಿಂದ ಊರು ಕುಡಿಯಿತು, ಅಧ್ಯಕ್ಷರು ಗುಣವಾದರು. ಗರುಗದ ಎಣ್ಣೆ ಊರವರು ಹಚ್ಚಿಕೊಂಡರೆ ಅವರ ಬೋಳುತಲೆಯಲ್ಲಿ ಕೂದಲು ಎದ್ದು ನಿಂತಿತು. ಆಡುಸೋಗೆಯ ಸಿರಪ್ಪು ಊರಿನ ಮಕ್ಕಳು ಕುಡಿದರೆ ಅವರ ಧ್ವನಿ ಗಂಟೆ ಹೊಡೆದಂತಾಯಿತು. ಒಂದೆಲಗದ ಬಾಟಲಿ ಖರ್ಚಾದಷ್ಟೂ ಅವರ ನೆನಪಿನ ಶಕ್ತಿ ಹೆಚ್ಚುತ್ತಾ ಹೋಗಿ, ತಾವು ಊರಿಗೆ ಮಾಡಿದ ಉಪಕಾರಗಳೆಲ್ಲ ಒಂದೂ ಬಿಡದೆ ಬಾಯಿಗೆ ಬರತೊಡಗಿದವು. ಊರವರು ಇದಕ್ಕೂ ಹೊಂದಿಕೊಂಡರು. ಕಾಮಾಲೆಯಾದವರನ್ನು ಮಂಚದ ಸಮೇತ ಎತ್ತಿಕೊಂಡು ಬಂದು ಅಧ್ಯಕ್ಷರ ಮನೆಯ ಮುಂದೆ ಇಳಿಸುತ್ತಿದ್ದರು. ಅವರು ಮಹಡಿಯ ಮೇಲೆ ಬಂದು ನಿಂತು ಬಿಳಿಯ ಕಣ್ಣು ತೋರಿಸುತ್ತಿದ್ದರು. "ನೋಡು, ಎಷ್ಟು ಚೆನ್ನಾಗಿ ಗುಣ ಆಗವ್ರೆ," ಎಂದು ರೋಗಿಗೆ ಸಮಾಧಾನ ಹೇಳಿ ಮತ್ತೆ ಹೊತ್ತುಕೊಂಡು ಹೋಗುತ್ತಿದ್ದರು. ಊರಿನ ಆರೋಗ್ಯ ಹೇಗಿದೆ ಎಂದು ಮೇಲಿನವರು ವಿಚಾರಿಸಿದಾಗ ಟ್ರಸ್ಟಿನವರು ಅಧ್ಯಕ್ಷರನ್ನೇ ಕಳಿಸುತ್ತಿದ್ದರು. ಅವರನ್ನು ಕಂಡವರು ಈ ಊರಿಗೆ ಪ್ರಶಸ್ತಿ ಕೊಡದೆ ಬೇರೆ ಯಾರಿಗೆ ಕೊಟ್ಟಾರು?

ನಾನು ನಗುತ್ತಲೇ ಇದ್ದೆ, ನನ್ನ ಮಗಳು ಚಿಕ್ಕತಾಯಿ ಹೆರಿಗೆಗೆ ಬರುವವರೆಗೆ. ಹೆಣ್ಣುಮಗು ಹುಟ್ಟಿತು. ಚಿಕ್ಕತಾಯಿಗೆ ಹಾಲು ಬರಲಿಲ್ಲ. ಬೆಳ್ಳುಳ್ಳಿ ಕೊಟ್ಟೆ, ಸಬ್ಬಸಿಗೆ ಸೊಪ್ಪು ಬೇಯಿಸಿ ಬೇಯಿಸಿ ಕೊಟ್ಟೆ, ಬಿಸಿನೀರಿನ ಶಾಖ ಕೊಟ್ಟೆ. ಎದೆ ಒಣಗಿಯೇ ಇತ್ತು. ಹಸುವಿನ ಹಾಲು ಮಗುವಿಗೆ ನಿಲ್ಲಲಿಲ್ಲ, ಕುಡಿದಷ್ಟೂ ಕಕ್ಕಿತು. ಬೀದಿಯಲ್ಲಿ ಬೇರೆ ಬಾಣಂತಿಯರಿದ್ದರು, ಆದರೆ ಅವರದೂ ಇದೇ ಪಾಡು. ಮಗು ಮೊದಮೊದಲು ಊರು ಎದ್ದೇಳುವಂತೆ ಅಳುತ್ತಿತ್ತು. ಆಮೇಲೆ ಅಳು ಸಣ್ಣದಾಯಿತು. ನನಗೆ ಭಯವಾದದ್ದು ಆಗ.

ನಮ್ಮೂರ ಬಾಣಂತಿಯರಿಗೆ ಹಾಲು ಇಳಿಯಲು ಹಲವು ಮಕ್ಕಳ ತಾಯಿ ಎಂಬ ಬಳ್ಳಿಯ ಬೇರು ಬೇಕು. ನನಗೆ ಚಿಕ್ಕತಾಯಿ ಹುಟ್ಟಿದಾಗ ಕೇತಮ್ಮ ಅದನ್ನೇ ಅಗೆದು ತಂದುಕೊಟ್ಟಿದ್ದಳು. ಈಗ ಆ ಬಳ್ಳಿ ಬೇಲಿಯ ಒಳಗೆ, ಹಸಿರು ಬೋರ್ಡಿನ ಕೆಳಗಿದೆ. ಗುರುಸಿದ್ದನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. "ಅಕ್ಕಾ, ನನ್ ಕೆಲ್ಸ ಹೋಯ್ತದೆ ಕಣಕ್ಕ, ಬಾಟ್ಲಿ ಬೇಕಾದ್ರೆ ತಗಂಡೋಗು," ಎಂದು ಅವನೇ ಒಳಗಿಂದ ತಂದುಕೊಟ್ಟ. ಅದು ಯಾರ ಹೆಸರಲ್ಲಿ ಕಿತ್ತದ್ದೆಂದು ಗೊತ್ತಿದ್ದೂ ಮನೆಗೆ ತಂದೆ. ಮಗು ಸಾಯುತ್ತಿದೆ ಎಂದರೆ ಮನುಷ್ಯರು ಗೊತ್ತಿರುವುದನ್ನೂ ಮರೆಯುತ್ತಾರೆ. ಚಿಕ್ಕತಾಯಿ ಕುಡಿದಳು. ಬೀದಿಯ ಬಾಣಂತಿಯರೆಲ್ಲ ಕುಡಿಯುತ್ತಲೇ ಇದ್ದರು. ಯಾರ ಎದೆಗೂ ಒಂದು ಹನಿ ಬರಲಿಲ್ಲ.

ಅದೇ ವಾರ ಅಧ್ಯಕ್ಷರಿಂದ ಕರೆ ಬಂತು. ಟ್ರಸ್ಟಿನ ಆರೋಗ್ಯೋತ್ಸವಕ್ಕೆ ಹೊಸ ಜುಬ್ಬ ಹೊಲಿಯಬೇಕಿತ್ತು. ಬಾಗಿಲು ಹಾಕಿ, ಕಿಟಕಿ ಹಾಕಿ, ಹೆಂಡತಿಯನ್ನು ಕಾವಲಿಗೆ ನಿಲ್ಲಿಸಿ ಅಳತೆ ಕೊಟ್ಟರು. ಟೇಪು ಎದೆಯ ಹತ್ತಿರ ಬಂದಾಗ "ಹಾ, ಮೆಲ್ಲಗೆ!" ಎಂದು ಚೀರಿದರು.

"ನೋಯ್ತದಾ ಸ್ವಾಮಿ?"

"ಸ್ವಲ್ಪ ಬಾವು. ಬೆವರೂ ಜಾಸ್ತಿ ಕಣಮ್ಮ ದೇವೀರಮ್ಮ. ಈ ಸಲ ಒಳಗೆ ದಪ್ಪ ಬಟ್ಟೆ ಕೊಟ್ಟು ಹೊಲಿ. ಎರಡು ಪದರ ಇರಲಿ. ಈ ವಿಷಯ ಹೊರಗೆ ಹೋಗೋದು ಬೇಡ."

ಅಳತೆಗೆಂದು ಕೊಟ್ಟ ಹಳೆ ಜುಬ್ಬವನ್ನು ಮನೆಗೆ ತಂದು ಬಿಚ್ಚಿದೆ. ಎದೆಯ ಎರಡೂ ಕಡೆ ಗಟ್ಟಿಯಾಗಿ ಒಣಗಿದ ಕಲೆ. ಗಂಡು ದರ್ಜಿಯಾಗಿದ್ದರೆ ಬೆವರು ಎಂದೇ ನಂಬುತ್ತಿದ್ದ. ಮಗು ಹೆತ್ತವಳಿಗೆ ಆ ವಾಸನೆ ಹೇಳಿಕೊಡಬೇಕೇ? ಹಾಲು. ನಗು ಬರಬೇಕಿತ್ತು, ಬರಲಿಲ್ಲ. ಒಳಗಿನ ಕೋಣೆಯಲ್ಲಿ ನನ್ನ ಮೊಮ್ಮಗಳು ಅಳುವುದಕ್ಕೂ ಶಕ್ತಿಯಿಲ್ಲದೆ ತನ್ನ ಮುಷ್ಟಿಯನ್ನು ತಾನೇ ಚೀಪುತ್ತಿತ್ತು. ಅದರ ಪಾಲಿನದು ಇಲ್ಲಿ ಒಬ್ಬ ದಡಿಯನ ಜುಬ್ಬಕ್ಕೆ ಗಂಜಿ ಹಾಕಿದಂತೆ ಅಂಟಿಕೊಂಡಿತ್ತು. ಆ ಬಟ್ಟೆಯನ್ನು ಒಲೆಗೆ ಹಾಕುವಷ್ಟು ಕೋಪ ಬಂತು. ಹಾಕಲಿಲ್ಲ, ಸುತ್ತಿಕೊಂಡು ಕೇತಮ್ಮನ ಹತ್ತಿರ ಹೋದೆ.

ಕೇತಮ್ಮ ಮೂಸಿ ನೋಡಿದಳು. ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಅಂಗಳದಲ್ಲೇ ಉರುಳಿ ನಕ್ಕಳು. ಹಾಡಿಯ ಹೆಂಗಸರೆಲ್ಲ ಓಡಿ ಬಂದು, ಸಂಗತಿ ಕೇಳಿ, ಅವರೂ ನಗತೊಡಗಿದರು. ನಾನು ಅತ್ತದ್ದು ನೋಡಿ ನನ್ನ ಸುತ್ತ ಕೂತರು.

"ಅಳ್ಬ್ಯಾಡ ಸುಮ್ಕಿರು ದೇವೀರವ್ವ," ಎಂದಳು ಕೇತಮ್ಮ, ಕಣ್ಣೊರೆಸಿಕೊಂಡು. "ಹಾಲು ಊರಲ್ಲೇ ಅದಲ್ಲ, ಎಲ್ಲೂ ಹೋಗಿಲ್ಲ. ಕೂಸು ಅತ್ರೆ ತಾನೇ ಇಳೀತದೆ. ಗಂಡ್ಸೋ ಹೆಂಗ್ಸೋ ಎದೆಗೇನು ಗೊತ್ತು? ಉತ್ಸವಕ್ಕೆ ಕೂಸ್ನ ಎತ್ಕಂಡ್ ಬಾ. ಬಾಣಂತೀರ್ನೆಲ್ಲ ಕರ್ಕಂಡ್ ಬಾ. ನನ್ನೂ ಕರ್ದವ್ರೆ, ವೇದಿಕೆ ಮ್ಯಾಲೆ ಕುರ್ಚಿ ಹಾಕ್ತಾರಂತೆ."

ನನ್ನ ಪಾಲಿನ ಕೆಲಸವನ್ನು ನಾನು ಮಾಡಿದೆ. ಎರಡು ಪದರದ ದಪ್ಪ ಬಟ್ಟೆಯನ್ನು ಬದಿಗಿಟ್ಟು, ಬೆಳಕು ಬಿದ್ದರೆ ಮೈ ಕಾಣುವಂಥ ತೆಳ್ಳನೆ ಮಲ್ ಬಟ್ಟೆಯಲ್ಲಿ ಜುಬ್ಬ ಹೊಲಿದೆ. ಕೊಟ್ಟದ್ದು ಅವರು ವೇದಿಕೆ ಹತ್ತುವುದಕ್ಕೆ ಸ್ವಲ್ಪ ಮುಂಚೆ. ಬಟ್ಟೆ ಹೊಲಿಯುವವರು ಕೊನೇ ಗಳಿಗೆಯಲ್ಲಿ ಕೊಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ; ನಮ್ಮ ಕಸುಬಿನವರು ತಲೆತಲಾಂತರದಿಂದ ಗಳಿಸಿದ ಹೆಸರು ಅದು.

"ದಪ್ಪ ಬಟ್ಟೆ ಎಲ್ಲಮ್ಮ?" ಎಂದು ಅವರು ಕಣ್ಣು ಬಿಟ್ಟರು.

"ಸೆಕೆ ಸ್ವಾಮಿ. ಗಾಳಿ ಆಡ್ಲಿ," ಎಂದೆ. ಅಷ್ಟರಲ್ಲಿ ಮೈಕಿನಲ್ಲಿ ಅವರ ಹೆಸರು ಕೂಗಿದರು.

ಚೆನ್ನಾಗಿಯೇ ಮಾತಾಡುತ್ತಿದ್ದರು. ಆಡುಸೋಗೆಯ ಗಂಟಲು ಅಲ್ಲವೇ? ಪಕ್ಕದಲ್ಲಿ ಕೇತಮ್ಮ ಬಾಟಲಿ ಹಿಡಿದುಕೊಂಡು, ಹಾಡಿಯಲ್ಲಿರುವವರ ಮೂಗುಬೊಟ್ಟುಗಳಲ್ಲೆಲ್ಲ ದೊಡ್ಡದನ್ನು ಹಾಕಿಕೊಂಡು ಗತ್ತಿನಲ್ಲಿ ಕೂತಿದ್ದಳು. "ಈ ಊರಿನ ಕಟ್ಟಕಡೆಯ ಮಗುವಿಗೂ ಔಷಧಿ..." ಎನ್ನುವ ಹೊತ್ತಿಗೆ ನನ್ನ ಮಡಿಲಲ್ಲಿದ್ದ ಆ ಕಟ್ಟಕಡೆಯ ಮಗು ಅತ್ತಿತು. ಎಲ್ಲಿತ್ತೋ ಶಕ್ತಿ, ಅಂದು ಜೋರಾಗಿಯೇ ಅತ್ತಿತು. ಅಧ್ಯಕ್ಷರು ಮಾತು ನಿಲ್ಲಿಸಿದರು. ಜುಬ್ಬದ ಎಡಗಡೆ ಒಂದು ಚುಕ್ಕೆ ಮೂಡಿತು. ಭಾಷಣದ ಹಾಳೆಯನ್ನು ಅದರ ಮೇಲೆ ಹಿಡಿದುಕೊಂಡರು. ಒಂದು ಮಗು ಅತ್ತರೆ ಉಳಿದವು ಸುಮ್ಮನಿರುತ್ತವೆಯೇ? ಬಾಣಂತಿಯರ ಸಾಲಿನಲ್ಲಿ ಎಲ್ಲವೂ ಶುರುಮಾಡಿದವು. ಚುಕ್ಕೆ ರೊಟ್ಟಿಯಷ್ಟಾಯಿತು, ಬಲಗಡೆಯೂ ಒಂದು ರೊಟ್ಟಿ ಮೂಡಿತು, ಹಾಳೆ ಒದ್ದೆಯಾಗಿ ಜುಬ್ಬಕ್ಕೇ ಅಂಟಿಕೊಂಡಿತು.

ಕಾರ್ಯದರ್ಶಿಗಳು ಬುದ್ಧಿವಂತರು. ಮೈಕು ಕಿತ್ತುಕೊಂಡು, "ಮಹಾಜನಗಳೇ, ಊರಿನ ಮಕ್ಕಳ ಅಳು ಕೇಳಿ ನಮ್ಮ ಅಧ್ಯಕ್ಷರ ಹೃದಯ ಕರಗಿ ಹರಿಯುತ್ತಿದೆ!" ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ನಮ್ಮ ಜನ ಯಾವುದಕ್ಕಾದರೂ ತಟ್ಟುತ್ತಾರೆ.

ನಾನು ಮಗುವನ್ನು ಎತ್ತಿಕೊಂಡು ವೇದಿಕೆ ಹತ್ತಿದೆ.

"ಸ್ವಾಮಿ, ನಿಮಗೆ ಆದರೆ ಊರಿಗೇ ಆದಂತೆ ಅಂದಿದ್ರಿ. ನಿಮಗೆ ಆಯ್ತಲ್ಲ. ಈಗ ಊರಿಗೂ ಕೊಡಿ. ನನ್ ಮೊಮ್ಮಗಳು ಉಪವಾಸ ಸಾಯ್ತಾವಳೆ."

ಚಪ್ಪಾಳೆ ನಿಂತಿತು. ಏನು ನಡೆಯುತ್ತಿದೆ ಎಂದು ಮೊದಲು ಅರ್ಥವಾದದ್ದು ಹೆಂಗಸರಿಗೆ. ಅವರಲ್ಲಿ ಒಬ್ಬಳೂ ನಗಲಿಲ್ಲ. ಅಧ್ಯಕ್ಷರು ಮಗುವನ್ನು ನೋಡಿದರು, ಜನರನ್ನು ನೋಡಿದರು, ತಮ್ಮ ಎದೆಯನ್ನು ನೋಡಿಕೊಂಡರು. ಅವರ ಹೆಂಡತಿಯೇ ಬಂದು ಕೈ ಹಿಡಿದು ಪರದೆಯ ಹಿಂದೆ ಕರೆದುಕೊಂಡು ಹೋದರು. ನಾನು ಹಿಂದೆಯೇ ಹೋಗಿ ಮಗುವನ್ನು ಅಧ್ಯಕ್ಷರ ಮಡಿಲಿಗೆ ಹಾಕಿದೆ.

"ಕಚ್ಚುತ್ತಾ?" ಎಂದರು.

"ಹಲ್ಲಿಲ್ಲ ಸ್ವಾಮಿ."

ಮಗು ಬಾಯಿ ಹಾಕಿದ್ದೇ ಗುಟುಕು ಗುಟುಕಾಗಿ ಕುಡಿಯಿತು. ಅಷ್ಟು ದಿನ ಮುಷ್ಟಿ ಕಟ್ಟಿಕೊಂಡಿದ್ದ ಕೈ ಮೆಲ್ಲಗೆ ಬಿಚ್ಚಿತು. ಅಧ್ಯಕ್ಷರು ಅಲುಗಾಡದೆ ಕೂತಿದ್ದರು. ಉಸಿರನ್ನೂ ಹೆದರಿ ಹೆದರಿ ಬಿಡುತ್ತಿದ್ದರು. "ಅಯ್ಯೋ, ಎಷ್ಟು ಹಸಿದಿತ್ತೋ," ಎಂದು ತಮಗೆ ತಾವೇ ಹೇಳಿಕೊಂಡರು. ನನಗೆ ಆ ಮನುಷ್ಯನ ಮೇಲೆ ಪ್ರೀತಿಯೇ ಬಂದುಬಿಟ್ಟಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಅವರು ತಲೆಯೆತ್ತಿ, "ಪತ್ರಿಕೆಯವರು ಹೋದರಾ ನೋಡು," ಎಂದರು. ಬಂದ ಪ್ರೀತಿ ಬಂದ ದಾರಿಯಲ್ಲೇ ಹೋಯಿತು.

ಮರುದಿನ ಬೆಳಗ್ಗೆ ಅವರ ಮನೆಯ ಮುಂದೆ ಬಾಣಂತಿಯರು ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ಕೂತಿದ್ದರು. ಇಲ್ಲ ಎನ್ನುವ ಹಾಗಿರಲಿಲ್ಲ. ಎಂದರೂ ಮಕ್ಕಳು ಅಳುತ್ತಿದ್ದವು, ಅತ್ತರೆ ಜುಬ್ಬ ಕೇಳುತ್ತಿರಲಿಲ್ಲ. ನಮ್ಮೂರಿನವರಿಗೆ ಉಪಚಾರ ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬಳು ಅವರ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿದಳು. ಒಬ್ಬಳು ಮೆಣಸಿನ ಸಾರು ತಂದಳು. ತಣ್ಣೀರು ಮುಟ್ಟಕೂಡದು, ಮಕ್ಕಳಿಗೆ ಶೀತವಾಗುತ್ತದೆ ಎಂದು ಹಿರಿಯರು ಕಟ್ಟಪ್ಪಣೆ ಮಾಡಿದರು. ಬೇರೆ ಸಂಘದ ಸಭೆಗೆ ಹೊರಟರೆ, "ಕೂಸು ಈಗ ಎದ್ದೇಳ್ತದೆ, ಎಲ್ಲಿಗ್ ಹೊಂಟ್ರಿ?" ಎಂದು ಬಾಗಿಲಲ್ಲೇ ತಡೆಯುತ್ತಿದ್ದರು. ಕೂತು ಕೂತು ಬೆನ್ನು ನೋವೆಂದರೆ, "ಎಲ್ರಿಗೂ ಹಂಗೇ ಕಣ್ರೀ, ಹೆತ್ತೋರ್ಗೆ ಇದೆಲ್ಲ ಇದ್ದದ್ದೇ," ಎಂದು ನಮ್ಮ ಗಂಡಂದಿರು ನಮಗೆ ಹೇಳಿದ್ದನ್ನೇ ಅವರಿಗೆ ಹೇಳಿದೆವು.

ಕೊನೆಗೆ ಅವರು ಕೇತಮ್ಮನನ್ನು ಕರೆಸಿದರು. "ಏನಾದರೂ ಮಾಡು ತಾಯಿ. ಇದನ್ನು ನಿಲ್ಲಿಸು."

"ನಿಲ್ಸಾಕೆ ಬಳ್ಳಿ ಅದೆ," ಎಂದಳು ಕೇತಮ್ಮ. "ಬೇಲಿ ಒಳಗದೆ. ನಂಗೆ ಪರ್ಮಿಶನ್ ಇಲ್ವಲ್ಲ."

"ಗೇಟು ತೆಗೆಸುತ್ತೇನೆ."

"ಗೇಟ್ ತಗುದ್ರೆ ನಾಳೆ ಮತ್ತೆ ಹಾಕೀರಿ. ಬೇಲಿ ಕೀಳ್ಸಿ. ಮೊದ್ಲು ನಮ್ ಹೆಣ್‌ಮಕ್ಳ ಹೆಸ್ರು ಹೇಳಿ ಹಲವು ಮಕ್ಕಳ ತಾಯಿ ಬೇರು ತಗೀತೀನಿ. ಅವರ್ಗೆಲ್ಲ ಹಾಲು ಇಳೀಲಿ. ಆಮ್ಯಾಕೆ ನಿಮ್ದು. ಅಲ್ಲೀಗಂಟ ಕುಡ್ಸಿ."

ಅಧ್ಯಕ್ಷರು ಒಪ್ಪಿದರು. ಒಪ್ಪದೆ ಏನು ಮಾಡಿಯಾರು, ಮಡಿಲಲ್ಲಿ ಒಂದು ಮಗು, ಬಾಗಿಲಲ್ಲಿ ಇನ್ನೊಂದು. ಆದರೆ ಒಂದು ಮಾತು ಬೇಡಿಕೊಂಡರು: "ನನ್ನ ಹೆಸರು ಹೇಳುವಾಗ ಗಿಡದ ಕಿವಿಯಲ್ಲಿ ಮೆಲ್ಲಗೆ ಹೇಳಮ್ಮ."

"ಗಿಡಕ್ಕೆ ಕಿವಿ ಮಂದ ಸ್ವಾಮಿ," ಎಂದಳು ಕೇತಮ್ಮ, ಬಹಳ ದುಃಖದಿಂದ.

ಬೇಲಿ ಕಿತ್ತವನು ಗುರುಸಿದ್ದನೇ. ಆ ತಂತಿಯನ್ನು ನಾವು ಬೀದಿಗಿಷ್ಟು ಹಂಚಿಕೊಂಡು ಮಕ್ಕಳ ಬಟ್ಟೆ ಒಣಗಿಸಲು ಕಟ್ಟಿಕೊಂಡೆವು. ಕೇತಮ್ಮ ಚಿಕ್ಕತಾಯಿಯ ಹೆಸರು ಹೇಳಿದ್ದು ನಮ್ಮ ಹಿತ್ತಿಲಿಗೇ ಕೇಳಿಸಿತು. ಬೇರು ಅರೆದು ನಾನೇ ಕುಡಿದೆ, ಮಗಳಿಗೆ ಆ ವಾಸನೆ ಆಗುವುದಿಲ್ಲ. ಸಂಜೆಗೆ ಅವಳ ರವಿಕೆ ಒದ್ದೆಯಾಯಿತು. ಒದ್ದೆ ರವಿಕೆ ನೋಡಿ ಆನಂದದಿಂದ ಅತ್ತ ದರ್ಜಿ ನಾನೊಬ್ಬಳೇ ಇರಬೇಕು. ಎಲ್ಲ ಬಾಣಂತಿಯರದೂ ಆದ ಮೇಲೆ ಅಧ್ಯಕ್ಷರ ಸರದಿ ಬಂತು. ಆ ಬೆಳಗ್ಗೆ ಊರಿನಲ್ಲಿ ಯಾರೂ ಒನಕೆ ಎತ್ತಲಿಲ್ಲ, ಗಿರಣಿ ಓಡಿಸಲಿಲ್ಲ, ಜಗಳ ಕೂಡ ಆಡಲಿಲ್ಲ. ಎಲ್ಲರೂ ಗುಡ್ಡದ ಕಡೆ ಕಿವಿಕೊಟ್ಟು ನಿಂತಿದ್ದರು. ಕೇತಮ್ಮ ಹೆಸರನ್ನೂ ಹೇಳಿದಳು, ಕಾಯಿಲೆಯನ್ನೂ ಹೇಳಿದಳು. ಗಿಡಕ್ಕೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದಳು.

ಇಷ್ಟಾದ ಮೇಲೆ ಅವರು ಮನೆಯಿಂದ ಹೊರಗೆ ಬರುವುದಿಲ್ಲ ಎಂದು ನೀವು ಅಂದುಕೊಂಡಿರಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಮುಂದಿನ ಚುನಾವಣೆಯಲ್ಲಿ ಅವರು ಮತ್ತೆ ನಿಂತರು. ಊರಿನ ನಡುವೆ ವೇದಿಕೆ ಹಾಕಿಸಿ, "ಯಾರು ಏನೇ ಹೇಳಲಿ, ಈ ಊರಿಗೆ ಎದೆಹಾಲು ಕೊಟ್ಟು ಸಾಕಿದವನು ನಾನು!" ಎಂದು ಕೈಯೆತ್ತಿ ಗುಡುಗಿದರು. ಜನ ಹೌದು ಹೌದು ಎಂದು ತಲೆಯಾಡಿಸಿದರು, ಕೆಲವರು ಕಣ್ಣು ಕೂಡ ಒರೆಸಿಕೊಂಡರು. ಅಷ್ಟರಲ್ಲಿ ಆಗತಾನೆ ನಡೆಯಲು ಕಲಿತಿದ್ದ ನನ್ನ ಮೊಮ್ಮಗಳು ನನ್ನ ಕೈ ಬಿಡಿಸಿಕೊಂಡು, ತಪ್ಪು ಹೆಜ್ಜೆ ಹಾಕುತ್ತಾ ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ವೇದಿಕೆಯ ಹತ್ತಿರ ಹೋಯಿತು. ಅವರನ್ನು ನೋಡಿ ಗುರುತು ಹಿಡಿದು ನಕ್ಕಿತು. ಎರಡೂ ಕೈ ಚಾಚಿತು. ಅಧ್ಯಕ್ಷರು ಮಾತು ನಿಲ್ಲಿಸಿ, ಶಲ್ಯವನ್ನು ಎದೆಯ ಮೇಲೆ ಎಳೆದುಕೊಂಡರು.